ಸೌದೆಯ ಪೂರ್ವಾಪರ: ಹೊಗೆ ಹಾಕಿದ ಮಾಂಸ ಕಹಿಯಾದ ಒಂದು ಪ್ರಕರಣ

ಇದು ಒಂದು ಮನೆಯಲ್ಲಿ ನಡೆದಿದ್ದು. ಅವರ ಒಪ್ಪಿಗೆ ತಗೊಂಡೇ ಬರೀತಿದ್ದೀನಿ, ಗುರುತು ಸಿಗೋ ವಿವರ ಎಲ್ಲ ತೆಗ್ದಿದ್ದೀನಿ. ಮುಖ್ಯವಾಗಿ ಇಬ್ರು ಬರ್ತಾರೆ, ಒಬ್ರು ಭಾವ, ಇನ್ನೊಬ್ಬ ಅವರ ಹೆಂಡತಿ ತಮ್ಮ. ಭಾವ, ಭಾವಮೈದ ಅಂತಲೇ ಕರೀತೀನಿ. ಮರಗೆಲಸದ ಕಡೆ ನಂಗೆ ಓಡಾಟ ಇದೆ, ಸೌದೆ ನೋಡಿದ್ರೆ ಏನಾದ್ರೂ ಹೇಳ್ತಾನೆ ಅಂತ ನನ್ನನ್ನ ಕರೆಸಿದ್ರು.

ಭಾವಂಗೆ ಗ್ರಿಲ್ ಹುಚ್ಚು ಮೊದಲಿಂದ್ಲೂ ಇತ್ತು. ಇದ್ದಿಲಿನ ಸಣ್ಣ ಗ್ರಿಲ್‌ನಲ್ಲಿ ವರ್ಷಗಟ್ಲೆ ಯಾವ ತಕರಾರೂ ಇಲ್ದೆ ಮಾಡ್ಕೊಂಡಿದ್ರು. ಆಮೇಲೆ ಇಬ್ರೂ ಸೇರಿ ಹಿತ್ತಲಲ್ಲಿ ಇಟ್ಟಿಗೆಯಲ್ಲಿ ದೊಡ್ಡ ಸ್ಮೋಕರ್, ಅಂದ್ರೆ ಮಾಂಸನ ಹೊಗೆಯಲ್ಲಿ ಬೇಯಿಸೋ ಒಲೆ ಕಟ್ಟಿದ್ರು, ಒಂದು ಕಡೆ ಬೆಂಕಿ ಗೂಡು, ಪಕ್ಕದಲ್ಲಿ ಮಾಂಸ ಇಡೋ ಪೆಟ್ಟಿಗೆ, ತುದಿಯಲ್ಲಿ ಚಿಮಣಿ. ಕಟ್ಟಿದ್ದೇನೋ ಅಚ್ಚುಕಟ್ಟಾಗೇ ಇತ್ತು. ಆದ್ರೆ ಗ್ರಿಲ್‌ಗೆ ಒಂದು ಬುಟ್ಟಿ ಇದ್ದಿಲು ಸಾಕಾಗ್ತಿತ್ತು, ಇದು ಹಾಗಲ್ಲ, ಐದಾರು ಗಂಟೆ ಉರೀಬೇಕು, ಎಷ್ಟು ಹಾಕಿದ್ರೂ ಸಾಲ್ದು. ಹಾಗಾಗಿ ಬಿಟ್ಟಿ ಸಿಕ್ಕಿದ್ ಮರ ಎಲ್ಲ ಹಿತ್ತಲಿಗೆ ಬಂದು ಬೀಳೋಕೆ ಶುರುವಾಯ್ತು.

ಇನ್ನೊಂದು ವಿಷ್ಯ ಇಲ್ಲೇ ಹೇಳ್ಬಿಡ್ತೀನಿ, ಇದ್ದಿಲಲ್ಲಿ ಇಷ್ಟು ವರ್ಷ ಏನೂ ಆಗ್ಲಿಲ್ಲ ಅನ್ನೋದೇ ಇವರಿಗೆ ಧೈರ್ಯ ಕೊಟ್ಟಿತ್ತು. ಇದ್ದಿಲು ಅಂದ್ರೆ ಆಗ್ಲೇ ಗಾಳಿ ಇಲ್ದೆ ಬೆಂದು ಹೊಗೆ ಬಿಟ್ಟು ಮುಗ್ಸಿರೋ ಮರ, ಅದ್ರಲ್ಲಿದ್ದ ಅಂಟು, ನೀರು, ಎಣ್ಣೆ ಅಂಶ ಬಹುಪಾಲು ಹೋಗಿರುತ್ತೆ. ಹಸಿ ಮರ, ಒಣ ಮರ ಹಾಗಲ್ಲ, ಒಳಗೆ ಏನಿದ್ಯೋ ಅದೆಲ್ಲ ನಮ್ಮ ಕಣ್ಣೆದುರೇ ಹೊಗೆಯಾಗಿ ಬಂದು ಮಾಂಸದ ಮೇಲೆ ಕೂರುತ್ತೆ.

ಏನಾಯ್ತು ಅಂದ್ರೆ

ಮೊದಲ ಸಲ ಮಾಡಿದ್ದು ಪರವಾಗಿಲ್ಲ ಅನ್ನಿಸ್ತಂತೆ. ಆಮೇಲೆ ಬರ್ತಾ ಬರ್ತಾ ಕಹಿ ಜಾಸ್ತಿಯಾಯ್ತು. ನಾಲಿಗೆ ಮೇಲೆ ಒಂಥರಾ ಜೋಮು ಹಿಡಿದಂಗೆ, ತಿಂದು ಎಷ್ಟೋ ಹೊತ್ತಾದ್ಮೇಲೂ ಗಂಟಲಲ್ಲಿ ಡಾಂಬರು ವಾಸನೆ. ಮಾಂಸದ ಮೇಲೆ ಕಂದು ಬಣ್ಣ ಬರೋ ಬದ್ಲು ಕರಿ ಜಿಡ್ಡು, ಬೆರಳಲ್ಲಿ ಉಜ್ಜಿದ್ರೆ ಅಂಟ್ಕೊಳ್ತಿತ್ತು. ಬೆಂಕಿ ಹತ್ರ ನಿಲ್ತಿದ್ದ ಭಾವಮೈದಂಗೆ ಕಣ್ಣುರಿ. ಅಡುಗೆಮನೆ ಕಿಟಕಿ ಹಿತ್ತಲಿಗೇ ತೆರೀತಿತ್ತು, ಅಲ್ಲಿ ಕೂರ್ತಿದ್ದ ಅವನ ಅಮ್ಮಂಗೆ ಕೆಮ್ಮು ಶುರುವಾದ್ರೆ ಮಾರನೇ ದಿನದವರೆಗೂ ಬಿಡ್ತಿರ್ಲಿಲ್ಲ.

ಇಬ್ರೂ ಮೊದ್ಲು ದೂರಿದ್ದು ಮಸಾಲೆನ. "ಭಾವ, ಉಪ್ಪು ಖಾರ ಹಚ್ಚಿ ತುಂಬಾ ಹೊತ್ತು ಇಟ್ಬಿಡ್ತಿದ್ದೀವಿ ಅನ್ಸುತ್ತೆ" ಅಂದ ಇವ್ನು. ಅದನ್ನ ಬದಲಾಯಿಸಿದ್ರು, ಕಹಿ ಹೋಗ್ಲಿಲ್ಲ. ಮಾಂಸ ತರೋ ಜಾಗ ಬದಲಾಯಿಸಿದ್ರು. ಇಟ್ಟಿಗೆ ಗಾರೆ ಇನ್ನೂ ಹಸಿ ಇರ್ಬೇಕು ಅಂತ ಖಾಲಿ ಬೆಂಕಿ ಹಾಕಿ ಒಣಗಿಸಿದ್ರು. ಸೌದೆ ಮೇಲೆ ಅನುಮಾನ ಬಂದಿದ್ದು ಇದೆಲ್ಲ ಆದ್ಮೇಲೆ, ಅದೂ ಅರ್ಧಂಬರ್ಧ.

ಯಾಕಂದ್ರೆ ಎಲ್ಲೋ ಓದಿದ್ದ ಸಲಹೆ ಮೇಲೆ ಭಾವ ಹಣ್ಣಿನ ಮರದ ಚಕ್ಕೆ ಚೀಲ ತಂದ್ರು, ಸೇಬಿನ ಮರ, ಚೆರ್ರಿ ಮರ. ಅದನ್ನ ರಾತ್ರಿಯೆಲ್ಲ ನೀರಲ್ಲಿ ನೆನೆಹಾಕಿದ್ರು. ಹೊಗೆ ನಿಧಾನಕ್ಕೆ ಬರ್ಲಿ ಅಂತ ಗಾಳಿ ಕಿಂಡಿ ಮುಚ್ಚಿದ್ರು. ಒಂದೆರಡು ಸಲ ಕಹಿ ಕಮ್ಮಿ ಆದಂಗೆ ಅನ್ನಿಸ್ತು, ಮತ್ತೆ ಅದೇ ಕಥೆ. ನಾನು ಹೋಗಿ ಗೂಡಿನೊಳಗೆ ಬಗ್ಗಿ ನೋಡಿದಾಗ ಗೊತ್ತಾಯ್ತು, ಮೇಲೆ ಒಂದು ಹಿಡಿ ಸೇಬಿನ ಚಕ್ಕೆ, ಅದರ ಕೆಳಗೆ ಉರೀತಿರೋದೆಲ್ಲ ಹಿತ್ತಲ ರಾಶಿಯ ಮರ. ಚಕ್ಕೆನ ಪರಿಮಳಕ್ಕೆ ಅಂತ ಲೆಕ್ಕ ಹಾಕಿದ್ರು, ಕೆಳಗಿನ ಸೌದೆನ ಬರೀ ಶಾಖಕ್ಕೆ ಅಂತ. ಹೊಗೆಗೆ ಆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತೆ, ಗೂಡಲ್ಲಿ ಉರಿಯೋದೆಲ್ಲ ಒಂದೇ ಪೆಟ್ಟಿಗೆ ಮೂಲಕ ಹಾದು ಹೋಗ್ಬೇಕಲ್ಲ.

ನೆನೆಹಾಕೋ ವಿಷ್ಯನೂ ಹಾಗೇ. ಮರದ ಚಕ್ಕೆ ರಾತ್ರಿಯೆಲ್ಲ ನೀರಲ್ಲಿದ್ರೂ ನೀರು ಬಹಳ ಒಳಗೆ ಇಳಿಯಲ್ಲ, ದಪ್ಪ ತುಂಡಾದ್ರೆ ಮೇಲ್ಮೈ ಮಾತ್ರ ಒದ್ದೆ. ಬೆಂಕಿಗೆ ಬಿದ್ರೆ ಮೊದ್ಲು ಹಬೆ, ಅದು ಮುಗಿಯೋತನಕ ಬೆಂಕಿ ತಣ್ಣಗಾಗಿ ಸರಿಯಾಗಿ ಉರಿಯಲ್ಲ. ಅದರ ಜೊತೆ ಕಿಂಡಿನೂ ಮುಚ್ಚಿದ್ರೆ ಕೇಳೋದೇ ಬೇಡ.

ತಿರುವು ಬಂದಿದ್ದು ಬೂದಿಯಿಂದ

ನಾನು ಮರದ ಜಾತಿ ಕೇಳೋಕೆ ಮುಂಚೆ ಕೇಳಿದ್ದು, "ಬೂದಿ ಏನ್ ಮಾಡ್ತೀರಾ?" ಅಂತ. ಸುಮ್ನೆ ಮಾತಿಗೆ ಕೇಳಿದ್ದಲ್ಲ, ಬೂದಿ ಎಲ್ಲಿಗೆ ಹೋಗುತ್ತೆ ಅನ್ನೋದ್ರಿಂದ ಮರ ಎಲ್ಲಿಂದ ಬಂತು ಅನ್ನೋ ಮಾತು ತಾನಾಗೇ ಹೊರಬೀಳುತ್ತೆ. ಭಾವ ಖುಷಿಯಾಗೇ ಹೇಳಿದ್ರು, "ಸೊಪ್ಪಿನ ಮಡಿಗೆ ಹಾಕ್ತೀವಿ ಸಾರ್, ಗೊಬ್ಬರ ಅಲ್ವಾ."

ಆಮೇಲೆ ರಾಶಿ ಹತ್ರ ಹೋದ್ವಿ. ಮರದ ಹಳೇ ಕಟ್ಟೆ (ಡೆಕ್) ಕಿತ್ತಾಗ ಬಂದ ಹಲಗೆ ಒಂದಿಷ್ಟಿತ್ತು, ಹೊರಗಡೆ ನೋಡೋಕೆ ಬೂದು ಬಣ್ಣ, ಮಳೆ ಬಿಸಿಲು ತಿಂದಿರೋ ಯಾವ ಮರ ಆದ್ರೂ ಹಾಗೇ ಕಾಣುತ್ತೆ. ಒಂದನ್ನ ತುದಿಯಲ್ಲಿ ಸ್ವಲ್ಪ ಕುಯ್ದು ನೋಡಿದೆ. ಅಂಚಿಂದ ಒಳಕ್ಕೆ ಒಂದು ಸುತ್ತು ತಿಳಿ ಹಸಿರು, ನಡುವೆ ಮಾತ್ರ ಮರದ ಬಣ್ಣ. ಹಲಗೆ ಮೈ ಮೇಲೆ ಉದ್ದಕ್ಕೂ ಸಾಲಾಗಿ ಚಿಕ್ಕ ಚಿಕ್ಕ ಗೀರು, ಉಳಿಯಲ್ಲಿ ಚುಚ್ಚಿದಂಗೆ, ಒಂದೇ ಅಳತೆ, ಒಂದೇ ಅಂತರ. ಮೆಷಿನ್‌ನಲ್ಲಿ ಆ ಗೀರು ಹಾಕೋದೇ ಔಷಧಿ ಒಳಗೆ ಇಳೀಲಿ ಅಂತ. ಹುಳ ಹಿಡೀದಂಗೆ, ಕೊಳೀದಂಗೆ ಒತ್ತಡದಲ್ಲಿ ರಾಸಾಯನಿಕ ತುಂಬಿಸಿದ ಮರ ಇದು.

ಈ ಕೆಲಸಕ್ಕೆ ಬಹಳ ವರ್ಷ ಬಳಸಿದ್ದು ಸಿಸಿಎ ಅನ್ನೋ ಮಿಶ್ರಣ, ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಮೂರೂ ಇರುತ್ತೆ. ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಇದನ್ನ ಹಾಕೋದನ್ನ 2003ರ ಕೊನೆಗೆ ತಯಾರಕರೇ ಬಹುಪಾಲು ನಿಲ್ಲಿಸಿದ್ರು. ಆದ್ರೆ ಅಷ್ಟರಲ್ಲಿ ಕಟ್ಟಿದ್ದ ಕಟ್ಟೆ, ಬೇಲಿ, ಮೆಟ್ಲು ಎಲ್ಲ ಎಲ್ಲಿಗೂ ಹೋಗಿಲ್ಲ, ಈಗ ಕಿತ್ತು ಗುಜರಿಗೆ ಬರ್ತಾ ಇರೋದು ಅವೇ. ಸುಟ್ರೆ ಆರ್ಸೆನಿಕ್ ಒಂದಿಷ್ಟು ಹೊಗೆ ಜೊತೆ ಹೋಗುತ್ತೆ, ಉಳಿದಿದ್ದು ಬೂದಿಯಲ್ಲಿ ಗಟ್ಟಿಯಾಗಿ ಕೂರುತ್ತೆ, ಮರ ಸುಟ್ಟು ಹಿಡಿ ಬೂದಿಯಾದಾಗ ವಿಷ ಮಾತ್ರ ಹಾಗೇ ಉಳಿಯೋದ್ರಿಂದ ಮರಕ್ಕಿಂತ ಬೂದಿ ಅಪಾಯ. 1984ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿಸ್ಕಾನ್ಸಿನ್‌ನ ಹಳ್ಳಿಗಾಡಿನ ಒಂದು ಕುಟುಂಬದ ವಿಷಯ ಬಂದಿತ್ತು, ಮನೆ ಒಲೆಯಲ್ಲಿ ಇಂಥದೇ ಮರದ ಚೂರು ಸುಡ್ತಿದ್ರು, ಚಳಿಗಾಲ ಬಂದಾಗೆಲ್ಲ ಇಡೀ ಮನೆಗೆ ಕಾಯಿಲೆ, ಚರ್ಮದ ತೊಂದರೆ, ಕೂದಲು ಉದುರೋದು. ಒಲೆ ಕಡೆ ಯಾರೂ ಬೆರಳು ತೋರ್ಸಿರ್ಲಿಲ್ಲ. ಮನೆಬಳಕೆಯ ಹೊಸ ಮರಕ್ಕೆ ಅಲ್ಲೀಗ ಬಹುಪಾಲು ಆರ್ಸೆನಿಕ್ ಬದ್ಲು ತಾಮ್ರದ ಬೇರೆ ಔಷಧಿ ಹಾಕ್ತಾರೆ, ಅದನ್ನೂ ಸುಡೋ ಹಾಗಿಲ್ಲ.

ಇದನ್ನ ಹೇಳ್ದಾಗ ಭಾವಮೈದನ ಮುಖ ಇಳಿದುಹೋಯ್ತು. ಭಾವ ಸ್ವಲ್ಪ ಹೊತ್ತು ಒಪ್ಪಲಿಲ್ಲ, "ಹಳೇ ಮರ ಸಾರ್, ಮಳೆಯಲ್ಲಿ ತೊಳೆದು ಎಲ್ಲ ಹೋಗಿರುತ್ತೆ." ಹೋಗಿರಲ್ಲ. ಮಳೆಗೆ ಹೋಗೋ ಹಾಗಿದ್ರೆ ಅದನ್ನ ಹೊರಗಡೆ ಕಟ್ಟೋಕೆ ಯಾಕೆ ಬಳಸ್ತಿದ್ರು.

ಅಲ್ಲಿಂದ ಮುಂದೆ ನಿರ್ಧಾರ ಬೇಗ ಬೇಗ ಆದ್ವು. ಆ ಹಲಗೆ ಯಾವ ಬೆಂಕಿಗೂ ಇಲ್ಲ, ಚಳಿ ಕಾಯಿಸೋಕೂ ಇಲ್ಲ, ಸುಡದೆ ಕಸ ವಿಲೇವಾರಿ ಮಾಡೋರಿಗೆ ಇದು ಔಷಧಿ ಹಾಕಿದ ಮರ ಅಂತ ಹೇಳಿಯೇ ಕೊಡೋದು. ಗೂಡಿನ ಬೂದಿನ ಗುಡಿಸೋ ಹಾಗಿಲ್ಲ, ಧೂಳು ಎದ್ದೇಳುತ್ತೆ, ನೀರು ಚಿಮುಕಿಸಿ ಒದ್ದೆ ಮಾಡಿ ಗ್ಲೌಸ್, ಮಾಸ್ಕ್ ಹಾಕ್ಕೊಂಡು ಗಟ್ಟಿ ಚೀಲಕ್ಕೆ ತುಂಬಿದ್ರು. ಒಳಗಿನ ಮಸಿ, ಜಿಡ್ಡು ಎಲ್ಲ ತೊಳೆದು, ಮಾಂಸ ಇಡ್ತಿದ್ದ ಜಾಲರಿನ ಬದಲಾಯಿಸಿದ್ರು. ಸೊಪ್ಪಿನ ಮಡಿಯ ಮೇಲ್ಮಣ್ಣು ತೆಗೆದ್ರು, ಮಣ್ಣು ಪರೀಕ್ಷೆಗೆ ಕೊಟ್ರು, ಅದು ಬರೋತನಕ ಅಲ್ಲಿಂದ ಒಂದೆಲೆನೂ ಕೀಳೋದು ಬೇಡ ಅಂತಾಯ್ತು.

ಡಾಕ್ಟ್ರ ಹತ್ರ ಹೋಗಿ ಅಂತ ಒತ್ತಾಯ ಮಾಡಿದ್ದು ನಾನೇ, ಬರೀ ಕೆಮ್ಮು ಅನ್ಬೇಡಿ, ಯಾವ ಮರ ಸುಟ್ರಿ ಅಂತ ಬಾಯ್ಬಿಟ್ಟು ಹೇಳಿ ಅಂದೆ. ಮೂತ್ರದಲ್ಲಿ ಆರ್ಸೆನಿಕ್ ನೋಡಿದ್ರು, ಅದಕ್ಕೆ ಮುಂಚೆ ಕೆಲವು ದಿನ ಮೀನು, ಸಿಗಡಿ ತಿನ್ನಬೇಡಿ ಅಂದಿದ್ರು, ಸಮುದ್ರದ ಆಹಾರದಲ್ಲಿ ಅಪಾಯ ಇಲ್ಲದ ಬೇರೆ ಥರದ ಆರ್ಸೆನಿಕ್ ಇರುತ್ತೆ, ಲೆಕ್ಕ ತಪ್ಪಿಸುತ್ತೆ. ರಿಪೋರ್ಟ್ ನಾರ್ಮಲ್ ಬಂತು. ಎಲ್ಲರೂ ನಿಟ್ಟುಸಿರು ಬಿಟ್ರು, ಆದ್ರೆ ಆ ಪರೀಕ್ಷೆ ಹೇಳೋದು ಇತ್ತೀಚಿನ ಕೆಲವು ದಿನದ ಮಾತು ಮಾತ್ರ, ತಿಂಗಳ ಹಿಂದೆ ಒಳಗೆ ಹೋಗಿದ್ದರ ಬಗ್ಗೆ ಅದು ಏನೂ ಹೇಳಲ್ಲ ಅಂತ ಡಾಕ್ಟ್ರು ಅವರಿಗೆ ಬಿಡಿಸಿ ಹೇಳಿದ್ದು ಒಳ್ಳೇದಾಯ್ತು. ಅಮ್ಮನ ಕೆಮ್ಮು ಹೊಗೆ ನಿಂತ್ಮೇಲೆ ತಾನಾಗೇ ಕಮ್ಮಿ ಆಯ್ತು. ಆರ್ಸೆನಿಕ್‌ನಿಂದ ಬಂದಿತ್ತಾ, ಬರೀ ದಟ್ಟ ಹೊಗೆಯಿಂದ ಬಂದಿತ್ತಾ, ಅದನ್ನ ಈಗ ಯಾರೂ ಬೇರ್ಪಡಿಸೋಕಾಗಲ್ಲ.

ಉಳಿದ ರಾಶಿ

ಹಸಿರು ಹಲಗೆ ಹೋದ್ಮೇಲೆ ಬಾಕಿದೆಲ್ಲ ಸರಿ ಅಂತ ಭಾವ ಅಂದ್ಕೊಂಡಿದ್ರು. ಒಂದೊಂದಾಗಿ ನೋಡ್ತಾ ಹೋದ್ವಿ. ಬಣ್ಣ ಬಳಿದ ಹಳೇ ಬಾಗಿಲ ಚೌಕಟ್ಟು: ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು, ಆಚೆಗೆ. ಪ್ಲೈವುಡ್, ಎಂಡಿಎಫ್ ಚೂರು: ಅದು ಮರದ ಪದರ, ನಾರನ್ನ ಅಂಟಲ್ಲಿ ಒತ್ತಿ ಮಾಡಿದ ಹಲಗೆ, ಆ ಅಂಟು ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್‌ನಿಂದ ಮಾಡಿದ್ದು, ಆಚೆಗೆ. ಇದ್ರ ಬಗ್ಗೆ ಯಾರೂ ವಾದ ಮಾಡ್ಲಿಲ್ಲ.

ವಾದ ಬಂದಿದ್ದು ಪ್ಯಾಲೆಟ್ ಬಗ್ಗೆ, ಅಂದ್ರೆ ಸರಕು ಇಟ್ಟು ಸಾಗಿಸೋ ಮರದ ಚೌಕಟ್ಟು. ಭಾವಮೈದ ತಾನು ಕೆಲಸ ಮಾಡೋ ಕಡೆಯಿಂದ ಪ್ಯಾಲೆಟ್ ತರ್ತಿದ್ದ, ಅವನು ಬಗ್ಗಿ ಮುದ್ರೆ ತೋರಿಸ್ದ, "ನೋಡಿ ಸಾರ್, ಎಚ್‌ಟಿ ಅಂತಿದೆ, ಬರೀ ಬಿಸಿ ಮಾಡಿದ್ದು, ಕೆಮಿಕಲ್ ಹಾಕಿಲ್ಲ." ಹುಡುಗ ಓದ್ಕೊಂಡೇ ಬಂದಿದ್ದ, ಹೇಳಿದ್ದೂ ನಿಜ. ದೇಶದಿಂದ ದೇಶಕ್ಕೆ ಹೋಗೋ ಮರದ ಪ್ಯಾಕಿಂಗ್‌ಗೆ ಐಎಸ್‌ಪಿಎಂ 15 ಅಂತ ಒಂದು ಅಂತರರಾಷ್ಟ್ರೀಯ ನಿಯಮ ಇದೆ, ಮರದ ಜೊತೆ ಹುಳ ದೇಶ ದಾಟಬಾರದು ಅಂತ 2002ರಲ್ಲಿ ಮಾಡಿದ್ದು. ಎಚ್‌ಟಿ ಅಂದ್ರೆ ಮರದ ತಿರುಳು 56 ಡಿಗ್ರಿಗೆ ಮುಟ್ಟಿ ಕನಿಷ್ಠ 30 ನಿಮಿಷ ಇರೋ ಹಾಗೆ ಕಾಯಿಸಿದ್ದು, ಎಂಬಿ ಅಂದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷಗಾಳಿ ಹಾಯಿಸಿದ್ದು. ಎಂಬಿ ಕಂಡ್ರೆ ಅಡುಗೆ ಬೆಂಕಿ ಹತ್ರಾನೂ ತರೋದು ಬೇಡ.

ಆದ್ರೆ ಎಚ್‌ಟಿ ಮುದ್ರೆ ಏನು ಹೇಳುತ್ತೆ? ಆ ಪ್ಯಾಲೆಟ್ ಮಾಡಿದ ದಿನ ಅದ್ರೊಳಗೆ ಹುಳ ಇರ್ಲಿಲ್ಲ ಅಂತ. ಅಷ್ಟೇ. ಆಮೇಲೆ ಅದ್ರ ಮೇಲೆ ಏನು ಹೊತ್ರು, ಯಾವ ಡ್ರಮ್ ಸೋರ್ತು, ಯಾವ ಗೋಡೌನ್‌ನಲ್ಲಿ ಯಾವ ಔಷಧಿ ಸಿಂಪಡಿಸಿದ್ರು, ಅದಕ್ಕೆ ಮುದ್ರೆ ಇಲ್ಲ. ಅವನು ತಂದಿದ್ದರಲ್ಲೇ ಒಂದು ಹಲಗೆ ಮೇಲೆ ದುಂಡಗೆ ಕಪ್ಪು ಕಲೆ ಇತ್ತು, ಮೂಸಿ ನೋಡು ಅಂದೆ, ಮೂಸಿ ಪಕ್ಕಕ್ಕಿಟ್ಟ, ಏನೂ ಮಾತಾಡ್ಲಿಲ್ಲ.

ಪ್ಯಾಲೆಟ್ ಬಹಳಷ್ಟು ಪೈನ್ ಥರದ ಮೆದು ಮರ ಅನ್ನೋದು ಇನ್ನೊಂದು ತೊಂದರೆ. ಪೈನ್, ಫರ್, ಸ್ಪ್ರೂಸ್, ಸೈಪ್ರೆಸ್, ಈ ಸೂಜಿ ಎಲೆ ಮರಗಳಲ್ಲಿ ರಾಳ ತುಂಬಿರುತ್ತೆ, ಬೇಗ ಹೊತ್ಕೊಳ್ಳುತ್ತೆ, ಮಸಿ ಜಾಸ್ತಿ, ರುಚಿ ಟರ್ಪೆಂಟೈನ್ ಕಡೆ ಹೋಗುತ್ತೆ. ಭಾವ ಇಲ್ಲಿ ಒಂದು ಒಳ್ಳೇ ಪ್ರಶ್ನೆ ಎತ್ತಿದ್ರು, ಹಂದಿ ಮಾಂಸದಿಂದ ಮಾಡೋ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಹ್ಯಾಮ್‌ಗೆ ಫರ್, ಸ್ಪ್ರೂಸ್ ಹೊಗೆನೇ ಹಾಕ್ತಾರಲ್ಲ, ಲಾಪ್ಸಾಂಗ್ ಸೂಚಾಂಗ್ ಚಹಾನ ಪೈನ್ ಹೊಗೆಯಲ್ಲೇ ಒಣಗಿಸ್ತಾರಲ್ಲ ಅಂತ. ಹೌದು, ಹಾಕ್ತಾರೆ. ಅದು ಎಲ್ಲಿ ಬೆಳೀತು ಅಂತ ಗೊತ್ತಿರೋ ಮರ, ತಲೆಮಾರುಗಳಿಂದ ಅದೊಂದೇ ಕೆಲಸ ಮಾಡ್ಕೊಂಡು ಬಂದಿರೋರು. ಹ್ಯಾಮ್ ಅಂತೂ ಉರಿ ಮುಟ್ಟದ ತಣ್ಣನೆ ಹೊಗೆಯಲ್ಲಿ ವಾರಗಟ್ಲೆ ಇರುತ್ತೆ. ಮೆದು ಮರ ಅಂದ ತಕ್ಷಣ ವಿಷ ಅಂತ ನಾನೂ ಹೇಳಲ್ಲ. ಆದ್ರೆ ಅದನ್ನ ತೋರಿಸಿ ಗೋಡೌನ್ ಪ್ಯಾಲೆಟ್ ಸುಡೋಕೆ ಸಮರ್ಥನೆ ಹುಡುಕೋದು ಆಗದ ಮಾತು.

ಕೊನೆಗೆ ಉಳಿದಿದ್ದು ಹಿತ್ತಲಲ್ಲೇ ಕಡಿದ ಕೊಂಬೆ ರಾಶಿ. ಇದಂತೂ ನಮ್ಮದೇ, ಹೆದ್ರೋದೇ ಬೇಡ ಅಂದ್ರು ಇಬ್ರೂ. ನೋಡಿದ್ರೆ ಹಣ್ಣಿನ ಮರದ ಕೊಂಬೆ ಜೊತೆ ಬೇಲಿ ಸವರಿದ ಕಡ್ಡಿನೂ ಬೆರೆತಿತ್ತು, ಬೇಲಿಯಲ್ಲಿ ಕಣಗಿಲೆ ಇತ್ತು. ಕಣಗಿಲೆಯ ಎಲೆ, ಕಾಂಡ, ಹೂವು ಎಲ್ಲ ವಿಷ, ಹೃದಯದ ಬಡಿತಕ್ಕೇ ಹೊಡೆಯುತ್ತೆ, ಅದರ ಹೊಗೆನೂ ಬೇಡ, ಅದರ ಕಡ್ಡಿಗೆ ಮಾಂಸ ಚುಚ್ಚಿ ಸುಡೋದಂತೂ ಬೇಡವೇ ಬೇಡ. ಒಣಗಿ ಎಲೆ ಉದುರಿದ ಮೇಲೆ ಕಡ್ಡಿ ಕಡ್ಡಿ ಬೇರ್ಪಡಿಸೋಕೆ ನನ್ ಕೈಲೂ ಆಗ್ಲಿಲ್ಲ. ಹಾಲು ಬರೋ ಕಳ್ಳಿ ಜಾತಿ ಗಿಡ, ಸೊನೆ ತಾಗಿದ್ರೆ ಮೈ ಸುಡೋ ಗೇರು ಬಳಗದ ಕೆಲವು ಮರ, ಇವುಗಳ ವಿಷ್ಯನೂ ಹೀಗೇ. ಪಾಯ್ಸನ್ ಐವಿ ಅನ್ನೋ ಬಳ್ಳಿ ಅದೇ ಬಳಗದ್ದು, ಅದನ್ನ ಸುಟ್ಟು ಹೊಗೆ ಕುಡಿದೋರಿಗೆ ಶ್ವಾಸಕೋಶವೇ ಉರಿದು ಆಸ್ಪತ್ರೆ ಸೇರಿದ್ದುಂಟು. ಹಾಗಾಗಿ ಒಂದು ನಿಯಮ ಮಾಡ್ಕೊಂಡ್ರು, ಯಾವ ಮರ ಅಂತ ಬಾಯಿಬಿಟ್ಟು ಹೇಳೋಕಾಗದ ಕಡ್ಡಿ ಗೂಡಿಗೆ ಇಲ್ಲ. ಆ ರಾಶಿಯಲ್ಲಿ ದಪ್ಪ ಕೊಂಬೆ ಮಾತ್ರ, ತೊಗಟೆ ನೋಡಿ ಖಾತ್ರಿ ಆಗಿದ್ದಷ್ಟೇ ಉಳೀತು.

ಕಹಿ ಇನ್ನೂ ಇತ್ತು

ಇಷ್ಟೆಲ್ಲ ಆಗಿ, ಖಾತ್ರಿ ಇರೋ ಹಣ್ಣಿನ ಮರ ಹಾಕಿ ಮಾಡಿದ್ರೂ ಕಹಿ ಪೂರ್ತಿ ಹೋಗ್ಲಿಲ್ಲ. ಇದು ನಂಗೆ ಈ ಪ್ರಕರಣದಲ್ಲಿ ಬಹಳ ಇಷ್ಟವಾದ ಭಾಗ, ಯಾಕಂದ್ರೆ ವಿಷದ ಮರ ಸಿಕ್ಕಿದ ತಕ್ಷಣ ಎಲ್ಲಾ ತಪ್ಪನ್ನೂ ಅದರ ತಲೆಗೇ ಕಟ್ಟಿ ಮುಗಿಸಿಬಿಡ್ತಿದ್ದೋ ಏನೋ. ಕೊಂಬೆ ಕಡಿದು ಇನ್ನೂ ಹಸಿ ಹಸಿಯಾಗೇ ಇತ್ತು. ಎರಡು ತುಂಡನ್ನ ಒಂದಕ್ಕೊಂದು ಬಡಿದ್ರೆ ಟಣ್ ಅನ್ಬೇಕು, ಇದು ದಬ್ ಅಂತಿತ್ತು. ತುದಿಯಲ್ಲಿ ಬಿರುಕು ಇಲ್ಲ. ಸೀಳಿ ಮೀಟರ್ ಚುಚ್ಚಿ ನೋಡಿದ್ರೆ ತೇವ ಸಿಕ್ಕಾಪಟ್ಟೆ, ಶೇಕಡಾ 20ರ ಒಳಗೆ ಇದ್ರೆ ಮಾತ್ರ ಸರಿಯಾಗಿ ಉರಿಯೋದು. ಹಸಿ ಮರಕ್ಕೆ ಹಾಕಿದ ಶಾಖವೆಲ್ಲ ನೀರು ಒಣಗಿಸೋಕೇ ಖರ್ಚಾಗಿ, ಬೆಂಕಿ ಕುಮುಲಿ, ದಪ್ಪ ಬಿಳಿ ಹೊಗೆ ಬರುತ್ತೆ. ಕಿಂಡಿ ಮುಚ್ಚೋ ಅಭ್ಯಾಸ ಇವರು ಇನ್ನೂ ಬಿಟ್ಟಿರ್ಲಿಲ್ಲ, ಅದೂ ಸೇರ್ತು.

ಮರಕ್ಕೆ ಗಟ್ಟಿತನ ಕೊಡೋ ಲಿಗ್ನಿನ್ ಅನ್ನೋ ಅಂಶ ಬೇಯುವಾಗ ಗ್ವಾಯಾಕೋಲ್, ಸಿರಿಂಗೋಲ್ ಅನ್ನೋ ಪದಾರ್ಥ ಬರುತ್ತೆ, ನಾವು ಹೊಗೆಯ ಪರಿಮಳ ಅನ್ನೋದು ಬಹುಪಾಲು ಅದೇ. ಗಾಳಿ ಸಾಲದೆ ಅರೆಬರೆ ಉರಿದ್ರೆ ಅದ್ರ ಜೊತೆ ಡಾಂಬರು ಅಂಶ, ಮಸಿ, ಪಿಎಎಚ್ ಅನ್ನೋ ಗುಂಪಿನ ರಾಸಾಯನಿಕ ಎಲ್ಲ ಮಾಂಸಕ್ಕೆ ಹತ್ತುತ್ತೆ. ಅದ್ರಲ್ಲಿ ಬೆಂಜೋಪೈರೀನ್ ಕ್ಯಾನ್ಸರ್ ತರೋದು ಅಂತ ಖಚಿತವಾಗಿರೋದು, ಯುರೋಪ್‌ನಲ್ಲಿ ಹೊಗೆ ಹಾಕಿದ ಮಾಂಸಕ್ಕೆ ಅದರ ಮಿತಿನ ಸೆಪ್ಟೆಂಬರ್ 2014ರಿಂದ ಕೆಜಿಗೆ 5 ಮೈಕ್ರೋಗ್ರಾಂನಿಂದ 2ಕ್ಕೆ ಇಳಿಸಿದ್ರು. ಕೊಬ್ಬು ನೇರ ಕೆಂಡದ ಮೇಲೆ ತೊಟ್ಟಿಕ್ಕಿದ್ರೂ ಇದೇ ಗುಂಪು ಹುಟ್ಟುತ್ತೆ. ಆಹಾರದ ಗುಣಮಟ್ಟ ನೋಡೋ ಕೋಡೆಕ್ಸ್ ಸಂಸ್ಥೆ 2009ರಲ್ಲಿ ಇದಕ್ಕೆ ಅಂತಲೇ ಒಂದು ಮಾರ್ಗಸೂಚಿ ತಂದಿದೆ, ರಾಸಾಯನಿಕ ಹಾಕಿದ ಮರ ಬೇಡ ಅನ್ನೋದು ಅದ್ರಲ್ಲೂ ಇದೆ. ಹಣ್ಣಿನ ಮರ ಅಂದ ಮಾತ್ರಕ್ಕೆ ಇದ್ಯಾವುದೂ ಬರಲ್ಲ ಅಂತೇನಿಲ್ಲ.

ಹಾಗಾಗಿ ಕೊಂಬೆನೆಲ್ಲ ತುಂಡು ಮಾಡಿ, ಸೀಳಿ, ನೆಲ ತಾಗದ ಹಾಗೆ ಅಟ್ಟಣೆ ಮೇಲೆ ಗಾಳಿ ಆಡೋ ಥರ ಒಟ್ಟಿದ್ರು, ಮೇಲೆ ಮಾತ್ರ ಮುಚ್ಚಿಗೆ, ಪಕ್ಕ ಎಲ್ಲ ತೆರೆದಿದ್ದು. ಒಣಗೋಕೆ ತಿಂಗಳುಗಳೇ ಬೇಕಾದ್ವು, ಅಲ್ಲಿವರೆಗೆ ಮತ್ತೆ ಇದ್ದಿಲೇ. ಬೂಸ್ಟು ಹಿಡಿದ ತುಂಡನ್ನ ಎಸೆದ್ರು. ಆಮೇಲೆ ಬೆಂಕಿ ಮಾಡೋ ರೀತಿ ಬದಲಾಯ್ತು: ದೊಡ್ಡ ಬೆಂಕಿ ಹಾಕಿ ಕಿಂಡಿ ಮುಚ್ಚಿ ಕೊಲ್ಲೋ ಬದ್ಲು, ಸಣ್ಣ ಬೆಂಕಿ, ಕಿಂಡಿ ತೆರೆದು, ಚಿಮಣಿಯಲ್ಲಿ ಬಿಳಿ ಹೊಗೆ ಹೋಗಿ ಕಂಡೂ ಕಾಣದಂಥ ತೆಳು ನೀಲಿ ಹೊಗೆ ಬಂದ್ಮೇಲೆ ಮಾಂಸ ಒಳಗಿಡೋದು, ಕೊಬ್ಬು ಬೀಳೋ ಕಡೆ ತಟ್ಟೆ. ಮೊದಲ ಸಲ ಭಾವಂಗೆ ನಂಬಿಕೆನೇ ಬರ್ಲಿಲ್ಲ, "ಹೊಗೆನೇ ಇಲ್ವಲ್ಲೋ, ರುಚಿ ಎಲ್ಲಿಂದ ಬರುತ್ತೆ" ಅಂತ ಮತ್ತೆ ಮತ್ತೆ ಸೌದೆ ತುರುಕೋಕೆ ಹೋಗ್ತಿದ್ರು, ಭಾವಮೈದ ಕೈ ಹಿಡ್ಕೊಂಡ. ಸಂಜೆ ತೆಗೆದಾಗ ಮಾಂಸದ ಮೇಲೆ ಕೆಂಗಂದು ಬಣ್ಣ, ಬೆರಳಿಗೆ ಜಿಡ್ಡು ಅಂಟಲಿಲ್ಲ. ಅಮ್ಮ ಎರಡನೇ ಸಲ ಬಡಿಸ್ಕೊಂಡ್ರು.

ಮಣ್ಣಿನ ರಿಪೋರ್ಟ್‌ನಲ್ಲಿ ಆ ಮಡಿಯಲ್ಲಿ ಪಕ್ಕದ ಜಾಗಕ್ಕಿಂತ ಆರ್ಸೆನಿಕ್ ಜಾಸ್ತಿ ಇತ್ತು. ಅಲ್ಲಿ ಈಗ ತಿನ್ನೋದೇನೂ ಬೆಳೆಯಲ್ಲ. ಗೂಡಿನ ಬೂದಿ ಈಗ ಶುದ್ಧ ಮರದ್ದೇ ಆದ್ರೂ ಸೊಪ್ಪಿಗೆ ಹಾಕೋಕೆ ಮನಸ್ಸು ಬರಲ್ಲ ಅಂತಾರೆ, ನಾನೂ ಒತ್ತಾಯ ಮಾಡಿಲ್ಲ.

ಸೌದೆ ಕೊಳ್ಳುವಾಗ ಇಬ್ರೂ ಈಗ ಮೂರೇ ಪ್ರಶ್ನೆ ಕೇಳ್ತಾರೆ: ಯಾವ ಮರ, ಎಲ್ಲಿ ಇತ್ತು, ಕಡಿದು ಎಷ್ಟು ದಿನ ಆಯ್ತು. ಎರಡನೇದಕ್ಕೆ ಮಾರೋನು ತಡವರಿಸಿದ್ರೆ ವಾಪಸ್ ಬರ್ತಾರೆ. ಜಾತಿ ಒಳ್ಳೇದೇ ಇದ್ರೂ ಸರಿ, ಎಲ್ಲಿಂದ ಕಿತ್ತಿದ್ದು ಅಂತ ಗೊತ್ತಿಲ್ಲದ ತೊಲೆಗಿಂತ ಗೊತ್ತಿರೋ ಸಾಧಾರಣ ಮರ ಮೇಲು ಅನ್ನೋದು ನನ್ನ ಅಭಿಪ್ರಾಯವೂ ಹೌದು. ಒಂದು ವಿಷ್ಯದಲ್ಲಿ ಮಾತ್ರ ನಮ್ಮಲ್ಲಿ ಇನ್ನೂ ಒಮ್ಮತ ಇಲ್ಲ. ಕಲೆ ಇಲ್ಲದ, ಹೊಚ್ಚ ಹೊಸ, ಎಚ್‌ಟಿ ಮುದ್ರೆ ಇರೋ ಪ್ಯಾಲೆಟ್ ಚೂರನ್ನ ಬೆಂಕಿ ಹೊತ್ತಿಸೋಕಾದ್ರೂ ಬಳಸಬಹುದಲ್ವಾ, ಮಾಂಸ ಇಡೋ ಹೊತ್ತಿಗೆ ಅದು ಉರಿದು ಹೋಗಿರುತ್ತೆ ಅಂತಾನೆ ಭಾವಮೈದ. ನಾನು ಬೇಡ ಅಂತೀನಿ, ಹೊತ್ತಿಸೋಕೆ ಒಣ ಸಿಬರು ಸಾಕು. ಭಾವ ಸದ್ಯಕ್ಕೆ ನನ್ನ ಕಡೆ ಇದ್ದಾರೆ, ಇದ್ದಬದ್ದ ಪ್ಯಾಲೆಟ್ಟನ್ನೆಲ್ಲ ಸೌದೆ ಒಟ್ಟೋ ಅಟ್ಟಣೆಗೇ ಹೊಡೆದುಬಿಟ್ಟಿದ್ದಾರೆ.